ಒಂಬತ್ತು ಸೀಟಿನ ಮಾವ, ಎಂಟು ಕೋರಿನ ಸೊಸೆ

“ಇದು ಆಗೋ ಮಾತಲ್ಲ” ಎಂದವರು ನನ್ನ ಸೋದರಮಾವ. ನಾನು ಡಿಗ್ರಿಗೆ ಅರ್ಜಿ ಹಾಕಿದ ದಿನ ಬೆಳಿಗ್ಗೆ, ಅವರ ಜೀಪಿನಲ್ಲಿ ಕೂತಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ಎಂದರು. ಕಾಫಿ ಹಣ್ಣು ಕುಯ್ಯಲು ಹೊರಟಿದ್ದ ಆ ಹೆಂಗಸರಲ್ಲಿ ನಮ್ಮಮ್ಮನೂ ಇದ್ದಳು. “ನಮ್ಮನೆಯಿಂದ ಹೈಸ್ಕೂಲು ದಾಟಿ ಮುಂದಕ್ಕೆ ಹೋಗಿರೋದು ಅಂದ್ರೆ ಈ ಜೀಪು ಒಂದೇ ಕಣಕ್ಕಾ. ಅದೂ ಎಸ್ಟೇಟು ಆ ಕಡೆ ಇರೋದ್ರಿಂದ” ಎಂದು ಅಮ್ಮನಿಗೆ ಹೇಳಿ ಗೇರು ಹಾಕಿದರು.

ಇಂಥವರ ಬಗ್ಗೆ ಹೆಮ್ಮೆಯಿಂದ ಬರೆಯಲು ಕೂತಿದ್ದೀಯಲ್ಲ, ನಿನಗೇನು ತಲೆ ಕೆಟ್ಟಿದೆಯೇ ಎಂದು ನೀವು ಕೇಳಬಹುದು. ಕೆಟ್ಟಿರುವುದು ಯಾರ ತಲೆ ಎನ್ನುವುದನ್ನು ಪೂರ್ತಿ ಓದಿ ನೀವೇ ತೀರ್ಮಾನಿಸಿ.

ಕೊಡ್ಲಿಪೇಟೆಯ ಸುತ್ತಮುತ್ತ ಎಸ್ಟೇಟಿಗೆ ಆಳು ಸಾಗಿಸುವ ಜೀಪುಗಳನ್ನು ನೀವು ನೋಡಿರುತ್ತೀರಿ. ನೋಡಿರುವುದು ಜೀಪನ್ನಲ್ಲ, ಜೀಪಿನ ಆಕಾರದಲ್ಲಿ ಅಂಟಿಕೊಂಡ ಜನರನ್ನು. ಒಳಗೆ ಹದಿನಾಲ್ಕು, ಹಿಂದೆ ನೇತಾಡುವವರು ನಾಲ್ಕು, ಎಲ್ಲರ ತೊಡೆಯ ಮೇಲೆ ಒಂದೊಂದು ಬುತ್ತಿ ಚೀಲ. ಇಡೀ ಸೀಮೆಗೆ ನಮ್ಮ ಮಾವನ ಜೀಪಿನಲ್ಲಿ ಮಾತ್ರ ಡ್ರೈವರ್ ಬಿಟ್ಟು ಒಂಬತ್ತೇ ಜನ. ಯಾಕೆ? ಆರ್.ಸಿ. ಬುಕ್ಕಿನಲ್ಲಿ ಹಾಗೆ ಬರೆದಿದೆ, ಅದಕ್ಕೆ.

“ಅಣ್ಣಾ, ಒಂದಾಳು ಅಡ್ಜಸ್ಟ್ ಮಾಡಿ” ಎಂದು ದಾರಿಯಲ್ಲಿ ಯಾರಾದರೂ ಕೈ ಅಡ್ಡ ಹಾಕಿದರೆ ಅವರು ಆರ್.ಸಿ. ಬುಕ್ಕನ್ನೇ ತೆಗೆದು ತೋರಿಸುತ್ತಾರೆ. ಓದಲು ಬಾರದವರಿಗೆ ಓದಿ ಹೇಳುತ್ತಾರೆ. ಅಷ್ಟು ಹೊತ್ತಿಗೆ ಕೈ ಅಡ್ಡ ಹಾಕಿದವರು ನಡೆದೇ ಎಸ್ಟೇಟು ಸೇರಿರುತ್ತಾರೆ.

ಒಮ್ಮೆ ಪೊಲೀಸರು ತಡೆದರು. ಪೇದೆಯೊಬ್ಬರು ಎಣಿಸಿದರು, ಒಂಬತ್ತು. ಮತ್ತೆ ಎಣಿಸಿದರು. ಹಿಂದಿನ ಟಾರ್ಪಾಲು ಎತ್ತಿ ನೋಡಿದರು, ಸೀಟಿನ ಕೆಳಗೆ ಬಗ್ಗಿ ನೋಡಿದರು.

“ಉಳಿದವರನ್ನ ಎಲ್ಲಿ ಇಳಿಸಿ ಬಂದೆ?”

“ಉಳಿದೋರು ಹತ್ತೇ ಇಲ್ಲ ಸಾರ್.”

ಆ ರಸ್ತೆಯಲ್ಲಿ ಒಂಬತ್ತೇ ಜನರಿದ್ದ ಜೀಪು ಅವರಿಗೆ ಸಿಕ್ಕಿದ್ದು ಅದೇ ಮೊದಲಂತೆ. ಅನುಮಾನ ಬರದೆ ಇರುತ್ತದೆಯೇ?

ಇನ್ನು ನೆಂಟರ ಮದುವೆಯ ಕತೆ. ಮನೆಯವರೆಲ್ಲ ಜೀಪು ಹತ್ತಿದೆವು. ಒಂಬತ್ತನೆಯವಳು ನಾನು. ಮನೆಗೆ ಬೀಗ ಹಾಕಿಕೊಂಡು, ಸೆರಗು ಸರಿಮಾಡಿಕೊಳ್ಳುತ್ತ ಕೊನೆಗೆ ಬಂದವರು ಮಾವನ ಹೆಂಡತಿ, ನಮ್ಮತ್ತೆ. ಮಾವ ಕನ್ನಡಿಯಲ್ಲಿ ಎಣಿಸಿ, “ಭರ್ತಿ” ಎಂದರು.

“ಭರ್ತಿ ಅಂದ್ರೆ? ನಾನು ನಿಮ್ಮ ಹೆಂಡ್ತಿ” ಎಂದರು ಅತ್ತೆ.

“ಹೌದು. ಹತ್ತನೆಯವಳು.”

ನಾನು ಇಳಿಯಲು ಹೋದೆ. “ನೀನು ಕೂತ್ಕೋ” ಎಂದು ಮಾವ ಗದರಿದರು. ಅತ್ತೆ ಬಸ್ಸಿನಲ್ಲಿ ಬಂದು ನಮಗಿಂತ ಮೊದಲೇ ಛತ್ರ ಸೇರಿ, ಮೊದಲನೇ ಪಂಕ್ತಿಯಲ್ಲಿ ಊಟ ಮುಗಿಸಿದ್ದರು. ಮಾವ ಊಟದ ಸಾಲಿಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತು ಎಲೆಗಳನ್ನು ಎಣಿಸಿ, “ಭರ್ತಿ” ಎಂದರು.

ಇಂಥ ಜೀಪಿನಲ್ಲಿ ನಾನು ಮೂರು ವರ್ಷ ಕೊಡ್ಲಿಪೇಟೆಯವರೆಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕಾಲೇಜು ಮುಗಿಸಿದೆ. ಎಷ್ಟು ತಡವಾಗಿ ಓಡಿ ಬಂದರೂ ಹಿಂದಿನ ಬಾಗಿಲ ಪಕ್ಕದ ಒಂದು ಸೀಟು ಖಾಲಿ ಇರುತ್ತಿತ್ತು. ನನ್ನ ಅದೃಷ್ಟ ಅಂದುಕೊಂಡಿದ್ದೆ.

ಅಮ್ಮನ ಕಡೆ, ಅಪ್ಪನ ಕಡೆ ಎರಡೂ ಸೇರಿಸಿ ಮೊದಲ ಡಿಗ್ರಿ ನನ್ನದು. ಮಾವ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, “ಓದು ಆಯ್ತು, ಸರಿ. ಕೆಲ್ಸ ಸಿಗೋದು ಆಗೋ ಮಾತಲ್ಲ” ಎಂದರು. ಕುಶಾಲನಗರದ ಒಂದು ಸಣ್ಣ ಕಂಪ್ಯೂಟರ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. “ಸಿಕ್ತು, ಸರಿ. ಖಾಯಂ ಆಗೋದು...” ನಾನೇ ವಾಕ್ಯ ಮುಗಿಸಿಕೊಟ್ಟೆ.

ಆದರೆ ಈ ಸಲ ಅವರ ಮಾತು ನಿಜವಾಗುವ ಹಾಗಿತ್ತು.

ನಮ್ಮ ಕಚೇರಿಯ ಕೆಲಸ ಇಷ್ಟು. ಮೊದಲೆಲ್ಲ ಆಸ್ಪತ್ರೆಯೋ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸೋ ತಮ್ಮ ಸರ್ವರ್ ಕಂಪ್ಯೂಟರನ್ನು ಹಿಂದಿನ ಕೋಣೆಯಲ್ಲಿ ಫ್ಯಾನು ಹಾಕಿ ಕೂರಿಸಿಕೊಂಡಿರುತ್ತಿದ್ದರು. ಈಗ ಕ್ಲೌಡಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಎಲ್ಲೋ ಇರುವ ಒಂದು ದೈತ್ಯ ಕಂಪ್ಯೂಟರಿನೊಳಗೆ ಪಾಲು ಮಾಡಿಕೊಟ್ಟ ಒಂದು ಭಾಗ, ಅದಕ್ಕೆ ವರ್ಚುವಲ್ ಮೆಷೀನ್ ಎಂದು ಹೆಸರು. ಅದರಲ್ಲಿ ಓಡುವ ಸರ್ವರ್ ಸಾಫ್ಟ್‌ವೇರಿಗೆ ಲೈಸೆನ್ಸ್ ಬೇಕು. ಯಾರಿಗೆ ಎಷ್ಟು ಲೈಸೆನ್ಸ್ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಅದಕ್ಕೊಂದು ಪರೀಕ್ಷೆ ಇತ್ತು. ಎರಡೇ ಅವಕಾಶ, ಎರಡರಲ್ಲೂ ಫೇಲಾದರೆ ಬೇರೆ ಕಡೆ ನೋಡಿಕೊಳ್ಳಬೇಕು ಎಂದು ನಮ್ಮ ಸಾರ್ ಮೆತ್ತಗೆ ಹೇಳಿದ್ದರು. ಮೊದಲನೆಯದರಲ್ಲಿ ಫೇಲಾದೆ. ಸಪ್ಪೆ ಮುಖ ಹೊತ್ತು ಊರಿಗೆ ಬಂದೆ.

ಸೋಮವಾರ ಬೆಳಿಗ್ಗೆ ವಾಪಸು ಹೊರಟಾಗ ಅದೇ ಜೀಪು, ಅದೇ ಸೀಟು. ಅಮ್ಮ ಎದುರಿಗೆ ಕೂತಿದ್ದಳು. ಫೇಲಾದ ಕತೆ ಅವಳಿಂದ ಕೇಳಿದ್ದ ಮಾವ ಕನ್ನಡಿಯಲ್ಲೇ ವಿಚಾರಣೆ ಶುರು ಮಾಡಿದರು.

“ಎಲ್ಲೈತೆ ಆ ಮೆಷೀನು?”

“ಇದೆ ಮಾವ, ನಮಗೆ ಕಾಣಲ್ಲ ಅಷ್ಟೇ.”

“ಕಾಣದೆ ಇರೋ ಮೆಷೀನಿಗೆ ಲೈಸೆನ್ಸು?”

“ಹೂಂ.”

ಜೀಪಿನಲ್ಲಿದ್ದವರೆಲ್ಲ ನಗಲು ಬಾಯಿ ತೆರೆದರು. ಮಾವ ಗಂಭೀರವಾಗಿ, “ಸರಿಯಾಗೇ ಐತೆ. ಮುಂದಕ್ಕೆ ಹೇಳು” ಎಂದರು.

ಹೇಳಿದೆ. ಕೋರ್ ಅಂದರೆ ಮೆಷೀನಿನ ಮಿದುಳಿನ ಒಂದೊಂದು ಪಾಲು. ಪರೀಕ್ಷೆಯಲ್ಲಿ ನಾಲ್ಕು ಕೋರಿನ ಮೆಷೀನು ಕೊಟ್ಟಿದ್ದರು. ನಾನು ನಾಲ್ಕು ಕೋರಿಗೆ ಲೈಸೆನ್ಸ್ ಸಾಕು ಎಂದು ಬರೆದೆ.

“ಬುಕ್ಕಲ್ಲಿ ಏನೈತೆ?”

“ಎಷ್ಟೇ ಚಿಕ್ಕ ಮೆಷೀನಾದ್ರೂ ಕಡಿಮೆ ಅಂದ್ರೆ ಎಂಟು ಕೋರಿಗೆ ತಗೋಬೇಕು ಅಂತಿದೆ. ಆದ್ರೆ ಬಳಸೋದೇ ನಾಲ್ಕು ಮಾವ. ಇನ್ನು ನಾಲ್ಕಕ್ಕೆ ಯಾಕೆ ಅಂತ ನನಗೆ ತಲೆಗೇ ಹೋಗಲಿಲ್ಲ.”

ಜೀಪು ಗಕ್ಕನೆ ನಿಂತಿತು. ಮಾವ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿದರು.

“ಹೋದ ವಾರ ಮಳೆಗೆ ನಾಲ್ಕೇ ಆಳು ಬಂದಿದ್ರು. ಆರ್‌ಟಿಓದವರು ನಂಗೆ ನಾಲ್ಕು ಸೀಟಿಂದೇ ಟ್ಯಾಕ್ಸ್ ಹಾಕ್ತಾರಾ?”

“ಇಲ್ಲ.”

“ಯಾಕೆ?”

“ಸೀಟು ಒಂಬತ್ತಲ್ವಾ.”

“ಹಂಗೆ ಬಾ ದಾರಿಗೆ. ಟ್ಯಾಕ್ಸು ಸೀಟಿಗೆ, ಕೂತೋರಿಗಲ್ಲ. ಖಾಲಿ ಇದ್ರೂ ಸೀಟು ಸೀಟೇ.”

ಇಷ್ಟಕ್ಕೆ ಬಿಡಲಿಲ್ಲ. ಇನ್ನೇನು ತಪ್ಪು ಮಾಡಿದೆ ಎಂದು ಕೇಳಿದರು. ಹಿಂದಿನ ಕೋಣೆಯ ಹಳೇ ಸರ್ವರಿಗೆ ತೆಗೆದುಕೊಂಡಿದ್ದ ಲೈಸೆನ್ಸನ್ನು ಹಾಗೇ ಬಾಡಿಗೆ ಮೆಷೀನಿಗೆ ಒಯ್ಯಬಹುದು ಎಂದು ಬರೆದಿದ್ದೆ. ನಿಯಮದ ಪ್ರಕಾರ, ಸಾಫ್ಟ್‌ವೇರ್ ಕಂಪನಿಯ ಜೊತೆ ಕರಾರು ನವೀಕರಿಸಿದ್ದರೆ ಮಾತ್ರ ಒಯ್ಯಬಹುದು.

ಮಾವ ನಿಜಕ್ಕೂ ನೊಂದುಕೊಂಡರು. “ನನ್ ಜೀಪಿನ ಪರ್ಮಿಟ್ಟು ಜೇಬಲ್ಲಿಟ್ಕಂಡು ಪಕ್ಕದೂರಿನೋನ ಜೀಪು ಓಡಿಸ್ಲಾ? ಮೊದ್ಲು ರಿನ್ಯೂವಲ್ ಮಾಡ್ಸು, ಬರೆಸ್ಕೋ, ಆಮೇಲೆ ಓಡ್ಸು. ಇಷ್ಟು ಗೊತ್ತಿಲ್ದೆ ಡಿಗ್ರಿ ಹೆಂಗೆ ಕೊಟ್ರು ನಿಂಗೆ?”

“ಅಣ್ಣಾ, ಪಾಠ ಮುಗೀತಾ?” ಎಂದಳು ಅಮ್ಮನ ಪಕ್ಕದಲ್ಲಿದ್ದವಳು. “ಅಲ್ಲಿ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರು ನಮ್ ಹಾಜರಿ ಹಾಕಲ್ಲ ಇನ್ನು.”

ಎರಡನೇ ಪರೀಕ್ಷೆಯಲ್ಲಿ ಎರಡು ಕೋರಿನ ಮೆಷೀನು ಬಂತು. ಕಣ್ಣ ಮುಂದೆ ಬಂದದ್ದು ಕಂಪ್ಯೂಟರಲ್ಲ, ಮಳೆಯಲ್ಲಿ ಹೊರಟ ಅರೆಖಾಲಿ ಜೀಪು. ಎಂಟು ಎಂದು ಬರೆದೆ. ಹಳೇ ಲೈಸೆನ್ಸಿನ ಪ್ರಶ್ನೆಯೂ ಬಂತು. ಮೊದಲು ರಿನ್ಯೂವಲ್ ಎಂದೆ. ಪಾಸಾದೆ. ಮರುದಿನ ಸಾರ್ ಕೈ ಕುಲುಕಿ, ಕೆಲಸ ಖಾಯಂ ಎಂದರು. ಇವತ್ತು ನಮ್ಮ ಕಚೇರಿಯಲ್ಲಿ ಲೈಸೆನ್ಸಿನ ಯಾವ ಕಾಗದವೂ ನನ್ನ ಸಹಿ ಇಲ್ಲದೆ ಹೊರಗೆ ಹೋಗುವುದಿಲ್ಲ. ಹಣ್ಣು ಕುಯ್ಯುವವಳ ಮಗಳ ಸಹಿ. ಇದನ್ನು ಬರೆಯುವಾಗ ನನ್ನ ಬೆನ್ನು ಸ್ವಲ್ಪ ನೆಟ್ಟಗಾದರೆ ನೀವು ಕ್ಷಮಿಸಬೇಕು.

ಊರಿಗೆ ಹೋಗಿ ಮಾವನಿಗೆ ಫೋನಿನಲ್ಲೇ ಸರ್ಟಿಫಿಕೇಟ್ ತೋರಿಸಿದೆ.

“ಯಾರು ಕೊಟ್ರು ಇದ್ನ?”

“ಯಾರೂ ಕೊಡಲ್ಲ ಮಾವ, ಮೇಲ್‌ನಲ್ಲಿ ಬರುತ್ತೆ.”

“ಯಾರೂ ಕೊಡದೆ ಇರೋದು ಎಂಥ ಸರ್ಟಿಫಿಕೇಟು? ಕಳಿಸು ನಂಗೆ.”

ಭಾನುವಾರ ಮಾವ ಕೊಡ್ಲಿಪೇಟೆಗೆ ಹೋಗಿ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿದರು. ಒಂದಲ್ಲ, ಎರಡು. ಒಂದು ಆರ್.ಸಿ. ಬುಕ್ಕಿನ ಜೊತೆ ಜೀಪಿನಲ್ಲಿರಲಿ, ಯಾರಾದರೂ ತಡೆದು ಕೇಳಿದರೆ ತೋರಿಸಬಹುದು ಎಂದರು. ಯಾರು ಯಾಕೆ ಕೇಳುತ್ತಾರೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬ್ಯಾಗು ಹಿಡಿದು ರಸ್ತೆಗೆ ಬರುವಾಗ ಜೀಪಿನ ಹತ್ತಿರ ಗಲಾಟೆ ನಡೆಯುತ್ತಿತ್ತು. ಆಳುಗಳಿರುವ ಲೈನ್ ಮನೆಗಳಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಬಾಗಿಲ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಿದ್ದಳು.

“ಇಳಿಯವ್ವಾ, ಭರ್ತಿ” ಎನ್ನುತ್ತಿದ್ದರು ಮಾವ.

“ಎಂಟೇ ಜನ ಅಣ್ಣಾ. ನಾನು ಸೇರಿದ್ರೆ ಒಂಬತ್ತು. ನಂಗೂ ಎಣಿಸೋಕೆ ಬರುತ್ತೆ.”

ಅಮ್ಮನ ಪಕ್ಕದವಳು ಅವಳ ಕೈ ಹಿಡಿದು ಹೇಳಿದಳು. “ಅದ್ರಲ್ಲಿ ಯಾರನ್ನೂ ಕೂರ್ಸಲ್ಲ ಕಣೇ. ಆ ಹುಡುಗಿ ಕಾಲೇಜಿಗೆ ಸೇರಿದಾಗಿಂದ ಹಂಗೇ. ಅವಳು ಕುಶಾಲನಗರಕ್ಕೆ ಹೋದ ಮೇಲೂ ದಿನಾ ಖಾಲಿ ಓಡಿಸ್ತಾರೆ.”

ನಾನು ನಿಂತಲ್ಲೇ ನಿಂತೆ. ಅಮ್ಮನ ಮುಖ ನೋಡಿದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಮಾವ ನನ್ನನ್ನು ಕಂಡು ಕೆಳಗಿಳಿದರು. ಇನ್ನೊಂದು ಸರ್ಟಿಫಿಕೇಟನ್ನು ಶರ್ಟಿನ ತುದಿಯಿಂದ ಒರೆಸಿ, ಎಲ್ಲರೂ ನೋಡಲೆಂದು ಒಮ್ಮೆ ಎತ್ತಿ ಹಿಡಿದು, ಎರಡೂ ಕೈಯಲ್ಲಿ ನನ್ನ ಕೈಗೆ ಕೊಟ್ಟರು.

“ಆಗೋ ಮಾತಲ್ಲ ಅಂದೋರು ನೀವೇ ಅಲ್ವಾ ಮಾವ?” ಎಂದೆ.

“ಅಂದಿದ್ದೆ ಕಣ್ ಮಗ, ಸುಳ್ಳಲ್ಲ” ಎಂದರು. “ಆದ್ರೆ ನಿನ್ ಸೀಟ್ನ ಯಾರಿಗಾದ್ರೂ ಕೊಟ್ಟಿದ್ನಾ, ಅದ್ನ ಹೇಳು.”