ಎಂಟುನೂರು ಜನರ ಚಪ್ಪಾಳೆ

"ಭಾನುವಾರ ಊಟಕ್ಕೆ ಬರ್ತಾನಲ್ಲ ನಿನ್ನ ತಮ್ಮ, ಅವತ್ತು ಅವನ ಬಾಯಿ ಮುಚ್ಚಿಸದಿದ್ರೆ ಕೇಳು!" ಎಂದು ಗುಮಾಸ್ತರು ಹೆಂಡತಿಯ ಮುಂದೆ ಘೋರ ಶಪಥ ಮಾಡಿದರು.

ಶಪಥಕ್ಕೆ ಕಾರಣವಿತ್ತು. ಮದುವೆಯಾದ ವರ್ಷ ಕಚೇರಿಯ ವಾರ್ಷಿಕೋತ್ಸವದಲ್ಲಿ ಗುಮಾಸ್ತರು ಒಂದು ಹಾಡು ಹಾಡಿದ್ದರು. ಮುಂದಿನ ಸಾಲಿನಲ್ಲಿದ್ದ ಹೊಸ ಹೆಂಡತಿ ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಳು. ಹಾಡು ಮುಗಿದ ಕೂಡಲೇ ಅದರಲ್ಲೊಂದು ಭೋರ್ಗರೆತ! "ಎಂಟುನೂರು ಜನರ ಚಪ್ಪಾಳೆ!" ಎಂದು ಗುಮಾಸ್ತರು ಇಪ್ಪತ್ತೈದು ವರ್ಷಗಳಿಂದ ಎದೆಯುಬ್ಬಿಸಿ ಸಾರುತ್ತ ಬಂದಿದ್ದರು. ಭಾವಮೈದುನ ಮಾತ್ರ, "ಭಾವ, ಇದು ಚಪ್ಪಾಳೆಯೋ, ಸೀಮೆಎಣ್ಣೆ ಸ್ಟೌವೋ?" ಎಂದು ಪ್ರತಿ ಸಲವೂ ಮೂಗು ಮುರಿಯುತ್ತಿದ್ದ.

ಈಗ ಹಾಡು ಕಂಪ್ಯೂಟರಿಗೇರಿತ್ತು. ಬೇಡದ ಸದ್ದು ತೆಗೆಯುವ ಸಾಫ್ಟ್‌ವೇರೂ ಸಿಕ್ಕಿತ್ತು. ಬರೀ ಗದ್ದಲವಿರುವ ಒಂದು ತುಣುಕನ್ನು ತೋರಿಸಿ 'ಇದು ಬೇಡ' ಎಂದರೆ ಸಾಕು, ಅಂಥದ್ದನ್ನೆಲ್ಲ ಅದು ಗುಡಿಸಿಹಾಕುತ್ತದೆ. ಭಾನುವಾರ ಬೆಳಿಗ್ಗೆ ಗುಮಾಸ್ತರು ಕಿವಿಗೊಟ್ಟು ಕೂತರು. ಶುರುವಿನಲ್ಲೇ ಫ್ಯಾನಿನ 'ಊಂ' ಎಂಬ ಕರ್ಕಶ ಸದ್ದು! "ತೊಲಗಾಚೆ!" ಎಂದು ಬಟನ್ ಒತ್ತಿದರು.

ಆಮೇಲೆ ಕೇಳಿದರೆ ಯಾರದೋ ಕೆಮ್ಮು ಇದೆ, ಕುರ್ಚಿ ಎಳೆದದ್ದು ಇದೆ, ಹಾರ್ಮೋನಿಯಂ ಇದೆ, ಹಾಡುಗಾರನೇ ನಾಪತ್ತೆ! ಹೆಂಡತಿ ಅಡುಗೆಮನೆಯಿಂದ ಇಣುಕಿದಳು.

"ರೀ, ಅದು ಫ್ಯಾನಲ್ಲ. ಹಾಡೋಕೆ ಮುಂಚೆ ನೀವು ಶ್ರುತಿ ಹಿಡಿದದ್ದು."

"ನನ್ನ ದನಿ ನನಗೇ ಗೊತ್ತಾಗಲ್ವೇನೇ?"

"ಗೊತ್ತಾಗಲಿಲ್ವಲ್ಲ! ಆದ್ರೂ ಈಗ ಕೇಳೋಕೆ ಹಿತವಾಗಿದೆ, ಹೀಗೇ ಬಿಟ್ಟುಬಿಡಿ."

ಗುಮಾಸ್ತರು ಬಿಡುವ ಆಸಾಮಿಯೇ? ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಯಾರೂ ಬಾಯಿ ತೆರೆಯದ ಜಾಗ ಹುಡುಕಿ, ಬರೀ 'ಸುಂಯ್' ಎನ್ನುವ ತುಣುಕನ್ನು ತೋರಿಸಿದರು.

"ಕೊನೇಲಿರೋದನ್ನ ಮಾತ್ರ ಮುಟ್ಟಬೇಡಿ ರೀ," ಎಂದಳು ಹೆಂಡತಿ, ಯಾಕೋ ಮೆತ್ತಗೆ.

"ಕೊನೇದೇ ಮುಖ್ಯ ಕಣೇ! ಚಪ್ಪಾಳೆ ಒಂದೊಂದಾಗಿ ಎಣಿಸೋ ಹಾಗೆ ಕೇಳಿಸಬೇಕು!"

ಬಟನ್ ಒತ್ತಿದರು. ಮೊದಲ ಸಾಲು ಸ್ಫಟಿಕದ ಹಾಗೆ ಮೂಡಿಬಂತು. ಕೊನೆಯವರೆಗೆ ಕೇಳುವ ಮುನ್ನವೇ ಕರೆಗಂಟೆ ಮೊಳಗಿತು. ಭಾವಮೈದುನ ಹೆಂಡತಿ ಮಕ್ಕಳೊಂದಿಗೆ ಹಾಜರಾಗಿದ್ದ.

ಊಟ ಮುಗಿಸಿ ಎಲ್ಲರೂ ಕೂತರು. ಹಾಡು ಹರಿಯಿತು. ಭಾವಮೈದುನ ತಲೆದೂಗಿದ್ದನ್ನು ಗುಮಾಸ್ತರು ಓರೆಗಣ್ಣಿನಲ್ಲಿ ಕಂಡು ಹಿಗ್ಗಿಹೋದರು. ಹಾಡು ಮುಗಿಯಿತು. "ಈಗ ಕೇಳಿ!" ಎಂದು ಕೈಯೆತ್ತಿದರು.

ನಿಶ್ಶಬ್ದ. ಎಂಟುನೂರು ಜನ ಎಂಬುದು ಬರೀ ಕ್ಯಾಸೆಟ್ಟಿನ ಭೋರ್ಗರೆತ! ಹಾಡು ನಿಂತೊಡನೆ ಹಳೇ ರೆಕಾರ್ಡರು ಆ 'ಸುಂಯ್' ಸದ್ದನ್ನು ತಾನೇ ಏರಿಸಿಕೊಂಡಿತ್ತು, ಈಗ ಸಾಫ್ಟ್‌ವೇರು ಅದನ್ನೂ ಗುಡಿಸಿಹಾಕಿತ್ತು, ಅಷ್ಟೇ. ಗುಮಾಸ್ತರ ಮುಖ ಬಿಳಿಚಿತು.

ಅಷ್ಟರಲ್ಲಿ 'ಟಪ್... ಟಪ್... ಟಪ್!' ಒಂದೇ ಜೊತೆ ಕೈ!

"ನೋಡಿದ್ರಾ? ಒಬ್ಬರಾದರೂ ರಸಿಕರಿದ್ದರು!" ಎಂದು ಗುಮಾಸ್ತರು ಚಿಗುರಿದರು.

ಹಿಂದೆಯೇ ಹೊಸ ಮದುವಣಗಿತ್ತಿಯ ದನಿ ಸ್ಪಷ್ಟವಾಗಿ ಕೇಳಿಸಿತು: "ಅಬ್ಬ, ಸತ್ತಿತು ಸೊಳ್ಳೆ!"

ಗುಮಾಸ್ತರು ಹೆಂಡತಿಯತ್ತ ತಿರುಗಿದರು. "ನಿನಗೆ ಮೊದಲೇ ಗೊತ್ತಿತ್ತಾ?"

"ಅದಕ್ಕೇ ಅಲ್ವಾ ಮುಟ್ಟಬೇಡಿ ಅಂದದ್ದು? ಇಪ್ಪತ್ತೈದು ವರ್ಷ ಬಾಯಿ ಬಿಟ್ಟಿದ್ದೀನಾ?"

ಭಾವಮೈದುನ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಭಾವ, ಅವತ್ತಿನ ಸೊಳ್ಳೆ ಸತ್ತದ್ದು ಇವತ್ತು ಕೇಳಿಸ್ತು ಅಂದ್ರೆ ಸುಮ್ನೇನಾ? ನಿಮ್ಮ ಕೈಚಳಕಕ್ಕೆ ಸೈ!" ಎಂದು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಕುಗ್ಗಿದ್ದ ಗುಮಾಸ್ತರ ಎದೆ ಮತ್ತೆ ಉಬ್ಬಿತು. ಎದ್ದು ನಿಂತು ಕೈ ಮುಗಿದರು. ಉಳಿದವರೆಲ್ಲ ನಿಲ್ಲಿಸಿದರೂ ಹೆಂಡತಿಯ ಚಪ್ಪಾಳೆ ಮಾತ್ರ ನಿಲ್ಲಲಿಲ್ಲ. ಗುಮಾಸ್ತರ ಕಣ್ಣು ತುಂಬಿಬಂತು.

"ಸಾಕು ಬಿಡೇ, ನಾಚಿಕೆಯಾಗುತ್ತೆ!"

"ಸ್ವಲ್ಪ ತಾಳಿ ರೀ," ಎಂದಳು ಆಕೆ ಗಾಳಿಯನ್ನೇ ನೋಡುತ್ತ, "ಇನ್ನೂ ಸಿಕ್ಕಿಲ್ಲ!"