ಗಿಡ್ಡ ಬಾಗಿಲಿನ ಅಲಂಕಾರ

ಅವ್ವ ಜ್ವರ ಹಿಡಿದು ಮಲಗಿದ್ದು ಒಂದು ಮಂಗಳವಾರ. ಅದರ ಹಿಂದಿನ ದಿನ, ಅಂದರೆ ಸೋಮವಾರ, ನಮ್ಮ ಮನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಅವ್ವ ಎಂದಿನಂತೆ ಮುಂಬಾಗಿಲಿನ ಒಳಮಗ್ಗುಲಲ್ಲಿ ಚಾಪೆ ಹಾಸಿಕೊಂಡು ಮೊರದಲ್ಲಿ ನವಣೆ ಹಸನು ಮಾಡುತ್ತಿದ್ದಳು. ನಾನು ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಬಂದೆ. ಅವಳು ಮೊರದಿಂದ ಕಣ್ಣೆತ್ತದೆ "ತಲೆ" ಎಂದಳು. ನಾನು ಬಗ್ಗಿ ಒಳಗೆ ಬಂದೆ. ಸ್ವಲ್ಪ ಹೊತ್ತಿಗೆ ಎದುರುಮನೆಯ ಬಸಮ್ಮಜ್ಜಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಅವಳಿಗೂ "ತಲೆ". ಬಸಮ್ಮಜ್ಜಿ ಮೊದಲೇ ಬೆನ್ನು ಬಾಗಿದ ಮುದುಕಿ. ಅವಳ ನೆತ್ತಿಗೂ ನಮ್ಮ ಬಾಗಿಲಿಗೂ ನಡುವೆ ಒಂದು ಗುಬ್ಬಿ ಆರಾಮವಾಗಿ ಹಾರಿಹೋಗಬಹುದು. "ಲೇ ಗಂಗವ್ವ, ನಾನು ಇನ್ನೂ ಬಗ್ಗಿದ್ರೆ ಮೂಗು ನೆಲಕ್ಕೆ ಹತ್ತತೈತೆ" ಎಂದು ಗೊಣಗಿದಳು. "ಅಭ್ಯಾಸ ತಪ್ಪಬಾರ್ದು, ಬಾರಬೇ" ಎಂದಳು ಅವ್ವ. ಆ ದಿನ ನಡೆದದ್ದು ಇಷ್ಟೇ. ಈಗ ಅದನ್ನೇ ಮತ್ತೆ ಮತ್ತೆ ನೆನೆಯುತ್ತೇನೆ.

ಓದುವವರಿಗೆ ಆ ಬಾಗಿಲಿನ ಪರಿಚಯ ಮಾಡಿಕೊಡಬೇಕು. ನಮ್ಮ ಮನೆ ಇರುವುದು ದುರ್ಗದ ಪೇಟೆಯ ಹಿಂದೆ, ಗುಡ್ಡದ ಬುಡಕ್ಕೆ. ಕಟ್ಟಿಸಿದವನು ನಮ್ಮ ತಾತ. ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಕಲ್ಲಿನ ಗೋಡೆ. ಬಾಗಿಲ ಮೇಲೆ ಅಡ್ಡಲಾಗಿ ಒಂದೇ ಒಂದು ಚಪ್ಪಡಿ ಕಲ್ಲು. ಅದರ ಎತ್ತರ ಸರಿಯಾಗಿ ನನ್ನ ಗದ್ದದ ಮಟ್ಟ. ಬಾಗಿಲು ಗಿಡ್ಡವಿದ್ದರೆ ಒಳಗೆ ನುಗ್ಗುವ ಶತ್ರು ತಲೆ ಬಗ್ಗಿಸಿಯೇ ಬರಬೇಕು ಎಂದು ತಾತ ಹೇಳುತ್ತಿದ್ದನಂತೆ. ಕೋಟೆಯ ನೆರಳಲ್ಲಿ ಹುಟ್ಟಿದವನ ಲೆಕ್ಕಾಚಾರ ಹಾಗೆ. ತಾತನ ಕಾಲದಿಂದ ಇಂದಿನವರೆಗೆ ನಮ್ಮ ಮನೆಗೆ ಒಬ್ಬ ಶತ್ರುವೂ ಬರಲಿಲ್ಲ. ಬಂದವರೆಲ್ಲ ನೆಂಟರು. ಬಾಗಿಲು ದಾಟಿದ ಕೂಡಲೆ ಒಂದು ಚಾಪೆ ಹಾಸುವಷ್ಟು ಜಾಗ, ಅದರಾಚೆ ಪಡಸಾಲೆ. ಆ ಚಾಪೆಯ ಜಾಗವೇ ಅವ್ವನ ಕಚೇರಿ. ಅಪ್ಪ ತೀರಿಕೊಂಡ ಮೇಲೆ ನನ್ನನ್ನೂ ನನ್ನ ತಂಗಿ ಪಾರಿಯನ್ನೂ ಅವಳು ಅಲ್ಲಿ ಕುಳಿತೇ ಸಾಕಿದಳು. ಒಳಗೆ ಬರುವವರ ಕಾಲುಗಳಷ್ಟೇ ಅವಳ ಕಣ್ಣಿಗೆ ಬೀಳುತ್ತಿದ್ದವು. ಕಾಲು ನೋಡಿ ಮರ್ಯಾದೆ ಕೊಡುತ್ತಿದ್ದಳು. ಚಪ್ಪಲಿ ಸವೆದ ಕಾಲಿಗೆ "ತಲೆ ಕಣಪ್ಪ", ಕಾಲುಂಗುರದ ಕಾಲಿಗೆ "ತಲೆ ಕಣಮ್ಮ", ಮಠದಿಂದ ಬಂದ ಅಯ್ಯನವರ ಆವುಗೆಗೆ "ತಲೆ ಬುದ್ಧೀ". ನನಗೆ ಮಾತ್ರ ಬರಿಯ "ತಲೆ".

ಮೂರು ದಿನದ ಜ್ವರದಲ್ಲಿ ಅವ್ವ ಹೋದಳು. ನಮ್ಮಲ್ಲಿ ಹೋದವರನ್ನು ಕುಳ್ಳಿರಿಸಿ, ಹೂವಿನ ವಿಮಾನ ಕಟ್ಟಿ ಕೊಂಡೊಯ್ಯುತ್ತಾರೆ. ಬೀದಿಯಲ್ಲಿ ವಿಮಾನ ಸಿದ್ಧವಾಗಿತ್ತು. ಒಳಗಿನಿಂದ ಅವಳನ್ನು ನಾಲ್ಕು ಜನ ಎತ್ತಿ ತಂದರು. ಚಾಪೆಯ ಮೇಲೆ ಯಾರೂ ಇರಲಿಲ್ಲವಾದ್ದರಿಂದ ಹೊತ್ತವರು ನಾಲ್ವರಿಗೂ ಕಲ್ಲು ತಗುಲಿತು. ಕುಳಿತಿದ್ದ ಅವ್ವ ಒಬ್ಬಳೇ ಬಾಗಿಲನ್ನು ಸೋಕದೆ ಹೊರಗೆ ಬಂದಳು. ಮಣ್ಣು ಮಾಡಿ, ಕೆರೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ನಾನು ಮನೆಗೆ ಬಂದೆ. ಹುಟ್ಟಿದಾಗಿನಿಂದ ಓಡಾಡಿದ ಬಾಗಿಲು. ಹಣೆ ನೇರವಾಗಿ ಹೋಗಿ ಕಲ್ಲಿಗೆ ಬಡಿಯಿತು. ಅಲ್ಲೇ ಕುಸಿದು ಕುಳಿತು ಅತ್ತೆ. ತಾಯಿಯನ್ನು ಕಳಕೊಂಡವನು ಅಳಲಿ ಎಂದು ಎಲ್ಲರೂ ಸುಮ್ಮನಿದ್ದರು. ನಿಜ ಹೇಳಬೇಕೆಂದರೆ ನಾನು ಅತ್ತದ್ದು ಎರಡಕ್ಕೂ. ಇಪ್ಪತ್ತೆಂಟು ವರ್ಷ ನಾನು ಆ ಕಲ್ಲನ್ನು ನೋಡಿ ಬಗ್ಗಿದವನೇ ಅಲ್ಲ, ಮಾತು ಕೇಳಿ ಬಗ್ಗಿದವನು ಎಂಬುದು ನನಗೆ ತಿಳಿದದ್ದು ಆವಾಗ.

ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲ. ಪಾರಿಯ ಮದುವೆಯನ್ನು ನೋಡಬೇಕೆಂಬುದು ಅವ್ವನ ಒಂದೇ ಆಸೆಯಾಗಿತ್ತು. ಅದಾಗದೆ ನನ್ನದು ಬೇಡವೆಂದು ನಾನೂ ಹೇಳಿಬಿಟ್ಟಿದ್ದೆ. ಹಳ್ಳಿಶಾಲೆಯ ಮೇಷ್ಟ್ರಿಗೆ ಹೆಣ್ಣು ಕೊಡಲು ಜನ ಸಾಲಾಗಿ ನಿಂತಿರಲಿಲ್ಲ, ಆದ್ದರಿಂದ ಈ ತ್ಯಾಗ ನನಗೆ ಕಷ್ಟವಾಗಲಿಲ್ಲ. ಎರಡು ತಿಂಗಳ ಮೇಲೆ ಹಿರಿಯೂರಿನಿಂದ ಒಂದು ಕಡೆಯವರು ಹೆಣ್ಣು ನೋಡಲು ಬಂದರು. ಮುಂದೆ ಗಂಡಿನ ಸೋದರಮಾವ, ಜರಿಯಂಚಿನ ರುಮಾಲು. ನೆಂಟರನ್ನು ಮುಂದೆ ಬಿಟ್ಟು ಹಿಂದೆ ನಡೆಯುವುದು ಮರ್ಯಾದೆಯೆಂದು ನಾನು ಹಿಂದಿದ್ದೆ. 'ಢಣ್' ಎಂದು ಸದ್ದಾಯಿತು. ರುಮಾಲು ಹೋಗಿ ಕಾಲು ತೊಳೆಯಲು ಇಟ್ಟಿದ್ದ ಕೊಳಗದ ನೀರಿಗೆ ಬಿತ್ತು. ಸೋದರಮಾವ ಕುಳಿತು, ನೀರು ಕುಡಿದು, ನೆತ್ತಿ ಸವರಿಕೊಂಡರು. ಮಂಡಕ್ಕಿ ಉಸುಲಿಯನ್ನೂ ಸಾವಕಾಶವಾಗಿ ತಿಂದರು. ಎದ್ದು ನಿಂತು, "ಹುಡುಗಿ ಚೆನ್ನಾಗೈತೆ ಮೇಷ್ಟ್ರೆ, ಆದ್ರೆ ಬಾಗ್ಲೇ ಬ್ಯಾಡ ಅಂದಂಗಾತು. ಹೋಗಾಣ ನಡೀರಿ" ಎಂದು ತಮ್ಮವರನ್ನು ಎಬ್ಬಿಸಿಕೊಂಡು ಹೊರಟರು. ಹೋಗುವಾಗ ಬಹಳ ಕೆಳಗೆ ಬಗ್ಗಿ ಹೋದರು.

ಬಸಮ್ಮಜ್ಜಿ ಎದುರು ಕಟ್ಟೆಯಿಂದಲೇ ಎಲ್ಲ ನೋಡಿದ್ದಳು. ಗಾಡಿ ತಿರುವು ದಾಟಿದ ಮೇಲೆ ಬಂದು ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದಳು: "ನೋಡು ಸಿದ್ದಪ್ಪ, ಒಂದ್ಸಲ ಆದ್ರೆ ಬಾಗ್ಲು ಗಿಡ್ಡ ಅಂತಾರೆ. ಎರಡ್ನೇ ಸಲ ಆದ್ರೆ ಹುಡುಗಿ ಕಾಲ್ಗುಣ ಅಂತಾರೆ. ಮೂರ್ನೇ ಸಲಕ್ಕೆ ಯಾರೂ ಬರಾಕಿಲ್ಲ." ಪಾರಿ ಒಳಗೆ ತಟ್ಟೆ ಎತ್ತಿಡುತ್ತಿದ್ದಳು. ತಟ್ಟೆಯ ಸದ್ದು ನಿಂತಿತು. ಅವಳಿಗೂ ಕೇಳಿಸಿತೆಂದು ನನಗೆ ಗೊತ್ತಾಯಿತು.

ಮಾರನೆಯ ದಿನವೇ ಕಲ್ಲು ಕೆಲಸದವನನ್ನು ಕರೆಸಿದೆ. ಅವನು ಚಪ್ಪಡಿಯನ್ನು ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳಿ, "ಎತ್ತರ ಮಾಡ್ಕೊಡ್ತೀನಿ ಮೇಷ್ಟ್ರೆ, ಮಾಳಿಗೆ ಕೆಳಗಡೆ ಬರತೈತೆ, ಅಷ್ಟೇಯ" ಎಂದ. ನೆಲ ಅಗೆದು ತಗ್ಗು ಮಾಡಿದರೆ ಎಂದು ಕೇಳಿದೆ. "ಮಾಡಾಣ. ಮಳೆಗಾಲದಾಗೆ ಗುಡ್ಡದ ನೀರೆಲ್ಲ ನಿಮ್ಮ ಪಡಸಾಲೇಗೆ ಬಂದು ಕುಂತ್ಕಂತೈತೆ. ಅದುಕ್ಕೂ ಚಾಪೆ ಹಾಸ್ರಿ" ಎಂದು ಎಲೆಯಡಿಕೆ ಹಾಕಿಕೊಂಡು ಹೋದ. ಕಲ್ಲನ್ನು ಸರಿಸಲಾಗದಿದ್ದರೆ ಅದು ಕಣ್ಣಿಗೆ ಬೀಳುವಂತೆ ಮಾಡೋಣ ಎಂದುಕೊಂಡೆ. ನನ್ನ ಅಲಂಕಾರದ ಕೆಲಸ ಶುರುವಾದದ್ದು ಹೀಗೆ.

ಮೊದಲು ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದೆ. ಎರಡು ದಿನ ಚೆನ್ನಾಗಿತ್ತು. ಬಡಿಸಿಕೊಂಡವರ ಹಣೆಯ ಮೇಲೆ ಸುಣ್ಣದ ಗೆರೆ ಮೂಡಿ, ವಿಭೂತಿ ಧರಿಸಿದವರಂತೆ ಕಾಣುತ್ತಿದ್ದರು ಎಂಬುದನ್ನು ಬಿಟ್ಟರೆ ಪ್ರಯೋಜನವಾಗಲಿಲ್ಲ. ಆಮೇಲೆ ಎರಡು ಕಡೆ ಗೋಡೆಗೆ ಗೂಟ ಹೊಡೆದು ಮಾವಿನೆಲೆಯ ತೋರಣ, ಅದರ ಕೆಳಗೆ ಚೆಂಡು ಹೂವಿನ ಮಾಲೆ ಕಟ್ಟಿದೆ. ಹೂವು ಕಲ್ಲನ್ನು ಮುಚ್ಚಿಬಿಟ್ಟಿತು. ಮೊದಲು ಕಲ್ಲನ್ನು ಕಂಡು ಬಗ್ಗುತ್ತಿದ್ದ ನಾಲ್ಕಾರು ಬುದ್ಧಿವಂತರು ಈಗ ಹೂವಷ್ಟೇ ಎಂದು ನುಗ್ಗಿ ಬಡಿಸಿಕೊಂಡರು. ಸಂತೆಯಿಂದ ಒಂದು ಅಂಗೈಯಗಲದ ಕನ್ನಡಿ ತಂದು ಕಲ್ಲಿನ ನಡುವೆ ತೂಗುಹಾಕಿದೆ. ತನ್ನ ಮುಖ ತನಗೇ ಎದುರಾದರೆ ಯಾರಾದರೂ ನಿಲ್ಲಲೇಬೇಕೆಂಬುದು ನನ್ನ ಎಣಿಕೆ. ಅವರು ನಿಂತರು, ಮೀಸೆ ತಿದ್ದಿಕೊಂಡರು, ಸಂತೋಷದಿಂದ ತಲೆಯೆತ್ತಿ ಒಳಗೆ ನಡೆದರು.

ನಾನು ಅಕ್ಷರ ಕಲಿಸುವವನು. ಕೊನೆಗೆ ಅಕ್ಷರವನ್ನೇ ನಂಬಿದೆ. ಒಂದು ಹಲಗೆಗೆ ಮಸಿ ಬಳಿದು, ಬಿಳಿಯ ಬಣ್ಣದಲ್ಲಿ ದುಂಡಗೆ 'ತಲೆ ಬಗ್ಗಿಸಿ ಒಳಗೆ ಬನ್ನಿ' ಎಂದು ಬರೆದು ಕಲ್ಲಿನ ಮೇಲ್ಗಡೆ ಕಟ್ಟಿದೆ. ಓದು ಬಾರದವರು ಮೊದಲಿನಂತೆ ಬಡಿಸಿಕೊಂಡರು. ಓದು ಬರುವವರು ತಲೆ ಎತ್ತಿ, ಅಕ್ಷರ ಅಕ್ಷರ ಕೂಡಿಸಿ ಓದುತ್ತ, ಓದು ಮುಗಿಯುವಷ್ಟರಲ್ಲಿ ಹೆಜ್ಜೆ ಮುಂದಿಟ್ಟು ಬಡಿಸಿಕೊಂಡರು. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಶೇಕದಾರರಿದ್ದಾರೆ. ಅವರು ಹಲಗೆಯನ್ನು ಓದಿ ಕೆಂಪಾದರು. "ಇಪ್ಪತ್ತು ವರ್ಷ ಅಮಲ್ದಾರ್ರ ಮುಂದೆ ಬಗ್ಸಿದೀನ್ರಿ ಮೇಷ್ಟ್ರೆ. ಪಿಂಚಣಿ ಬಂದ್ಮೇಲೆ ನಿಮ್ಮನೆ ಬಾಗಿಲಿಗೂ ಬಗ್ಸಬೇಕೇನು?" ಎಂದು ಎದೆ ಸೆಟೆಸಿ ಒಳಗೆ ಬಂದರು. ಅವರಿಗೆ ಅರಿಶಿನ ಹಚ್ಚಿದವಳು ಪಾರಿ.

ಜೋಗಿಮಟ್ಟಿಯ ಕಡೆಯಿಂದ ಕಂಬಳಿ ಮಾರಲು ಬರುವ ಕುರಿಯ ಮಲ್ಲಪ್ಪನೊಬ್ಬನಿಗೆ ಮಾತ್ರ ಏನೂ ಆಗಲಿಲ್ಲ. ತಲೆಯ ಮೇಲೆ ಕೊಪ್ಪೆ ಮಾಡಿಕೊಂಡ ಕಂಬಳಿಯಿತ್ತು. ಕಲ್ಲಿಗೆ ಹೊಡೆದು, "ಏನೋ ತಾಗಿದಂಗಾತಲ್ಲ" ಎಂದು ಹಿಂದಿರುಗಿ ನೋಡಿದ, ಅಷ್ಟೆ. "ಜನಕ್ಕೆ ಬುದ್ಧಿ ಹೇಳಾಕೆ ಯಾಕೆ ಹೋಗ್ತೀರಿ? ಕಲ್ಲಿಗೇ ಕಂಬ್ಳಿ ಕಟ್ರಿ" ಎಂದು ಒಂದು ಕರಿಯ ತುಂಡನ್ನು ಬಿಟ್ಟುಹೋದ. ಅದನ್ನೂ ಕಟ್ಟಿದೆ.

ಇಷ್ಟೆಲ್ಲ ಯಾಕೆ, ನೀನೇ 'ತಲೆ' ಎಂದು ಹೇಳಿದರಾಗದೆ ಎಂದು ಒಂದು ದಿನ ಪಾರಿಯನ್ನು ಕೇಳಿದ್ದೆ. ಅವಳು ಒಲೆಯ ಬೂದಿ ಕೆದಕುತ್ತ, "ನನ್ನ ಬಾಯಿಗೆ ಅದು ಬರಲ್ಲಣ್ಣ" ಎಂದಳು. ನಾನು ಮತ್ತೆ ಕೇಳಲಿಲ್ಲ.

ಬಸಮ್ಮಜ್ಜಿ ಸುಮ್ಮನೆ ಕೂರುವವಳಲ್ಲ. ಹೊಸದುರ್ಗದಲ್ಲಿ ಅವಳ ತವರಿನ ಕಡೆಯ ಒಂದು ಒಳ್ಳೆಯ ಮನೆತನ ಹಿಡಿದಳು. ತೆಂಗಿನಕಾಯಿ ವ್ಯಾಪಾರ, ಹುಡುಗ ಗುಣವಂತ. "ಒಂದೇ ತೊಂದ್ರೆ ಕಣಪ್ಪ. ಹುಡುಗ್ನ ಅಪ್ಪ ತೆಂಗಿನಮರದಂಗೆ ಅವ್ರೆ." ಸೋಮವಾರ ಬರುತ್ತೇವೆಂದು ಹೇಳಿಕಳಿಸಿದರು. ಪಾರಿಗೆ ಆ ಸಂಬಂಧ ಇಷ್ಟವಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ. ಪಡಸಾಲೆಯನ್ನು ಮೂರು ಸಲ ಸಾರಿಸಿದಳು, ಅದರಿಂದ ತಿಳಿದೆ.

ಆ ಸಲ ಆ ಮಾತನ್ನು ನಾನೇ ಹೇಳುವುದೆಂದು ತೀರ್ಮಾನಿಸಿದೆ. ನಲವತ್ತು ಮಕ್ಕಳಿಗೆ ಮಗ್ಗಿ ಕೂಗಿ ಹೇಳಿಸುವವನಿಗೆ ಒಂದು ಮಾತು ಏನು ಮಹಾ. ಆದರೆ ಅವ್ವನದು ಗದರಿಕೆಯಲ್ಲ, ವಿನಂತಿಯೂ ಅಲ್ಲ, ಮೊರದಿಂದ ಹೊಟ್ಟು ಹಾರಿದಷ್ಟು ಹಗುರ. ಅದು ನನಗೆ ಹಿಡಿತಕ್ಕೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ಅವ್ವನ ಚಾಪೆಯ ಮೇಲೆ ಕುಳಿತು, ಬಾಗಿಲ ಕಡೆ ನೋಡದೆ, ಅಭ್ಯಾಸ ಮಾಡಿದೆ. ಹತ್ತಾರು ಸಲ ಕೆಟ್ಟಿತು. ಒಂದು ಸಲ ಸರಿಯಾಗಿ ಬಂತು. "ತಲೆ." ಅಡಿಗೆಮನೆಯಿಂದ ಪಾರಿ ಒದ್ದೆ ಕೈಯಲ್ಲೇ ಓಡಿಬಂದಳು. ಚಾಪೆಯ ಮೇಲೆ ಇರುವವನು ನಾನೆಂದು ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂದಿರುಗಿದಳು. ನಾನು ಅಭ್ಯಾಸ ನಿಲ್ಲಿಸಿದೆ.

ಸೋಮವಾರ ಬೆಳಿಗ್ಗೆ ಅವಳು ಕಂಬಳಿಯ ತುಂಡನ್ನು ಬಿಚ್ಚಿ ಮೂಲೆಗೆ ಹಾಕಿದಳು. "ಬಾಗ್ಲಿಗೆ ಚಳಿಜ್ವರ ಏನು ಅಂತ ಕೇಳ್ತಾರೆ ಬಂದೋರು" ಎಂದಳು. ನಾನು ಹೊಸ ತೋರಣ ಕಟ್ಟಿದೆ. ಹೊತ್ತು ಏರುವಷ್ಟರಲ್ಲಿ ಗಾಡಿ ಬಂತು. ಮೊದಲು ಗಂಡಿನ ತಾಯಿ ಇಳಿದರು, ಆಮೇಲೆ ಹುಡುಗ, ಕೊನೆಗೆ ಅವನ ತಂದೆ ಇಳಿದರು. ಇಳಿಯುತ್ತಲೇ ಇದ್ದರು, ಅಷ್ಟು ಉದ್ದ. ಕಾಲಿಗೆ ನೀರು ಕೊಟ್ಟೆ. ಹಿಂದಿನ ಸಲದ ತಪ್ಪು ಆಗಬಾರದೆಂದು ಈ ಸಲ ನಾನೇ ಮುಂದಾದೆ. ಹೊಸ್ತಿಲ ಹತ್ತಿರ ಅವರ ಕಡೆಗೆ ತಿರುಗಿ, ಬಹಳ ವಿನಯದಿಂದ, "ಬರ್ರಿ, ತಲೆ ಜ್ವಾಪಾನ, ತಲೆ" ಎನ್ನುತ್ತ ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು, ಅವಸರದಲ್ಲಿ ಸರಕ್ಕನೆ ತಿರುಗಿದೆ.

ಅಷ್ಟು ಜೋರಾಗಿ ನಮ್ಮ ಕಲ್ಲಿಗೆ ಯಾರೂ ಹೊಡೆದಿರಲಿಲ್ಲ. ನಾನು ಚಾಪೆಯ ಮೇಲೆ ಬಿದ್ದೆ. ಗೂಟ ಕಿತ್ತುಬಂದು ಹೂವಿನ ಮಾಲೆ ಕೊರಳಿಗೆ ಬಿತ್ತು, ಹಲಗೆ ಜಾರಿ ಮಡಿಲಿಗೆ ಬಂತು. ಕನ್ನಡಿ ಒಡೆಯಲಿಲ್ಲ, ಅದರಲ್ಲಿ ನನ್ನ ಹಣೆ ಕಂಡಿತು. ಎಲ್ಲ ಮುಗಿಯಿತು, ಪಾರಿಯ ಬದುಕನ್ನು ನಾನೇ ಕೆಡಿಸಿದೆ ಎಂದುಕೊಂಡೆ. ಆಮೇಲೆ ಆ ತೆಂಗಿನಮರ ನಿಧಾನವಾಗಿ, ಸೊಂಟದವರೆಗೆ ಬಗ್ಗಿ ಒಳಗೆ ಬಂತು. ಅದರ ಹಿಂದೆ ಹುಡುಗ, ತಾಯಿ, ಬಸಮ್ಮಜ್ಜಿ, ಎಲ್ಲರೂ ಬಗ್ಗಿ ಬಂದರು. ಒಬ್ಬರಿಗೂ ತಾಗಲಿಲ್ಲ.

ಬಸಮ್ಮಜ್ಜಿ ಅಪಶಕುನದ ಮಾತು ಎತ್ತುವ ಮೊದಲೇ ಹಿರಿಯರು ಹೇಳಿದರು: "ಬಂದೋರ ತಲೆ ಹೊಡೆದ್ರೆ ಕೆಟ್ಟದ್ದು ಅಂತ ಕೇಳಿದೀನಿ. ಮನೆಯೋರೇ ಹೊಡ್ಕಂಡ್ರೆ ಏನು ಅಂತ ಯಾರೂ ಹೇಳಿಲ್ಲ. ಏಳ್ರಿ ಮೇಷ್ಟ್ರೆ, ಇಲ್ಲಿ ಕುಂತ್ಕಳ್ರಿ." ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅರಿಶಿನ ತಂದ ಪಾರಿಯೂ ಅವರ ಮುಖ ನೋಡಿ ನಕ್ಕಳು. ಅವ್ವ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ನಗುವಿನಲ್ಲೇ ಮಾತು ಮುಗಿಯಿತು. ನನ್ನ ಹಣೆಯ ಬಾವು ಇಳಿಯುವ ಮೊದಲೇ ವೀಳ್ಯ ಶಾಸ್ತ್ರವಾಯಿತು.

ಪಾರಿ ಈಗ ಹೊಸದುರ್ಗದಲ್ಲಿದ್ದಾಳೆ. ಆ ಮನೆಯ ಬಾಗಿಲು ಯಜಮಾನರ ಅಳತೆಗೆ ಮಾಡಿಸಿದ್ದು, ಆನೆ ಹೋಗಬಹುದು. ಕಳೆದ ತಿಂಗಳು ಹೋಗಿದ್ದಾಗ ಅವಳ ಅತ್ತೆ, "ನಿಮ್ಮ ತಂಗಿಗೆ ಎಷ್ಟು ವಿನಯ ಮೇಷ್ಟ್ರೆ. ಇಷ್ಟು ದೊಡ್ಡ ಬಾಗಿಲಾಗೂ ತಲೆ ಬಗ್ಗಿಸ್ಕಂಡೇ ಒಳಗೆ ಬರ್ತಾಳೆ" ಎಂದರು. ನಾನು ತಿದ್ದಲಿಲ್ಲ. ಪಾರಿ ನನ್ನ ಮುಖ ನೋಡಲಿಲ್ಲ.

ನಮ್ಮ ಬಾಗಿಲಿಗೆ ಹಲಗೆ, ಕನ್ನಡಿ ಎಲ್ಲವನ್ನೂ ಮತ್ತೆ ಕಟ್ಟಿದ್ದೇನೆ, ಮಲ್ಲಪ್ಪನ ಕಂಬಳಿಯನ್ನೂ. ದುರ್ಗದಲ್ಲಿ ಇಷ್ಟು ಸಿಂಗಾರದ ಬಾಗಿಲು ಇನ್ನೊಂದಿಲ್ಲ ಎಂದು ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನಾನು ಶಾಲೆ ಮುಗಿಸಿ ಬರುತ್ತೇನೆ, ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಲ್ಲುತ್ತೇನೆ, ಆಮೇಲೆ ಒಳಗೆ ಹೋಗುತ್ತೇನೆ. ನಾನೇ ಬರೆದ ಹಲಗೆಯ ಕೆಳಗೆ, ವಾರಕ್ಕೆ ಎರಡು ಸಲವಾದರೂ ನನಗೇ ತಗುಲುತ್ತದೆ. ಚಾಪೆ ಅಲ್ಲೇ ಇದೆ, ಮೊರ ಗೋಡೆಗೆ ಒರಗಿದೆ. "ತಲೆ" ಎನ್ನುವವರಿಲ್ಲ.