ಅತ್ತೆಗೊಂದು ಬಟ್ಟಲು ಸೇಬಿನ ಸಾಸ್

ಅತ್ತೆ ಊಟ ಬಿಟ್ಟು ಎರಡು ದಿನವಾಗಿತ್ತು. ಜ್ವರ ಬಂದು ಹೋಗಿತ್ತು, ಡಾಕ್ಟರೂ ಬಂದು ಹೋಗಿದ್ದರು, ಹಸಿವು ಮಾತ್ರ ಹೋದದ್ದು ವಾಪಸು ಬಂದಿರಲಿಲ್ಲ. ಬ್ರೆಡ್ಡನ್ನು ಹಾಲಲ್ಲಿ ನೆನೆಸಿ ಕೊಟ್ಟರೆ ಅತ್ತೆ ಸೂರು ನೋಡುತ್ತಿದ್ದರು; ಸೂಪು ಕೊಟ್ಟರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದರು. ಇಂಥ ಹೊತ್ತಿನಲ್ಲಿ, ಶನಿವಾರ ಬೆಳಿಗ್ಗೆ, ಭಾಮೈದನ ಫೋನು ಬಂತು.

"ಭಾವ, ಸಂಜೆ ಬರ್ತಿದೀನಿ. ಅಮ್ಮ ಏನಾದ್ರೂ ತಿಂದಳಾ?"

"ಇಲ್ಲ."

"ಇನ್ನೂ ಇಲ್ವಾ? ನಾನು ಡಾಕ್ಟರ ಹತ್ರ ಮಾತಾಡಿದೀನಿ. ಬಂದು ನೋಡ್ತೀನಿ, ಆಮೇಲೆ ಕರ್ಕೊಂಡು ಹೋಗೋ ವಿಚಾರ ಮಾಡೋಣ."

ಅಳಿಯ ಫೋನು ಇಟ್ಟು ಕುರ್ಚಿಯಲ್ಲಿ ಕೂತ. ಅವನು ಲೆಕ್ಕ ಹಾಕಿದ್ದು ಹೀಗೆ: ಅತ್ತೆ ತಿನ್ನುತ್ತಿಲ್ಲ, ಹೆಣ್ಣು ದಿಕ್ಕಿಲ್ಲದ ಮನೆಯಲ್ಲಿ ತಾಯಿಗೆ ಒಂದು ತುತ್ತು ತಿನ್ನಿಸುವವರಿಲ್ಲ ಎಂದು ಮಗನಿಗೆ ಅನ್ನಿಸಿದೆ, ಆದ್ದರಿಂದ ಕರೆದುಕೊಂಡು ಹೋಗಲು ಬರುತ್ತಿದ್ದಾನೆ. ಸಂಜೆಯೊಳಗೆ ಅತ್ತೆ ಏನಾದರೂ ತಿಂದುಬಿಟ್ಟರೆ ಅವನ ಬಾಯಿ ಮುಚ್ಚಿಸಬಹುದು. ಲೆಕ್ಕದಲ್ಲಿ ತಪ್ಪೇನೂ ಕಾಣಲಿಲ್ಲ.

ಹೆಂಡತಿ ತೀರಿಕೊಂಡು ಒಂದು ವರ್ಷ ಕಳೆದಿತ್ತು. ಆಕೆ ಇರುವವರೆಗೆ ಅತ್ತೆ ಅಳಿಯ ಒಬ್ಬರಿಗೊಬ್ಬರು ನೇರವಾಗಿ ಮಾತಾಡಿದವರೇ ಅಲ್ಲ. "ನಿಮ್ಮಮ್ಮನಿಗೆ ಹೇಳು" ಎಂದು ಇವನು, "ನಿನ್ನ ಗಂಡನಿಗೆ ಹೇಳು" ಎಂದು ಅವರು. ನಡುವೆ ಆಕೆ ಅಂಚೆಯವಳಂತೆ ಓಡಾಡುತ್ತಿದ್ದಳು. ಆಕೆ ಹೋದಮೇಲೆ ಮಾತು ತಲುಪಿಸುವವರಿಲ್ಲದೆ ಇಬ್ಬರೂ ಗಾಳಿಗೆ ಹೇಳುವುದನ್ನು ಕಲಿತರು. "ಕಾಫಿ ಆಗಿದೆ" ಎಂದು ಅತ್ತೆ ಬಾಗಿಲಿಗೆ ಹೇಳುತ್ತಿದ್ದರು. "ಇವತ್ತು ಬರೋದು ತಡ" ಎಂದು ಅಳಿಯ ತನ್ನ ಚಪ್ಪಲಿಗೆ ಹೇಳುತ್ತಿದ್ದ. ಹೀಗೇ ಸಂಸಾರ ಅಚ್ಚುಕಟ್ಟಾಗಿ ನಡೆದುಕೊಂಡು ಬಂದಿತ್ತು.

ಕೆಲಸ ಮುಗಿಸಿ ಬೀದಿಯ ತಿರುವಿಗೆ ಬಂದಾಗ ಅಡುಗೆಮನೆಯ ಕಿಟಕಿಯಲ್ಲಿ ದೀಪ ಉರಿಯುತ್ತಿರುವುದು ಕಂಡರೆ ಅವನಿಗೆ ಅಷ್ಟೇ ಸಾಕಾಗಿತ್ತು. ಅದಿಲ್ಲದ ಮನೆಗೆ ಬೀಗ ತೆಗೆದು ಒಳಗೆ ಹೋಗುವುದನ್ನು ನೆನೆಸಿಕೊಳ್ಳಲೂ ಅವನಿಗೆ ಇಷ್ಟವಿರಲಿಲ್ಲ. ಹಾಗೆಂದು "ಇಲ್ಲೇ ಇರಿ" ಎನ್ನಲು ಬಾಯಿ ಬರುತ್ತಿರಲಿಲ್ಲ. ಮಗಳೇ ಇಲ್ಲದಮೇಲೆ ಅಳಿಯನಿಗೆ ಏನು ಹಕ್ಕು? ಇನ್ನೊಬ್ಬರ ತಾಯಿಯನ್ನು ಯಾವ ಮುಖ ಇಟ್ಟುಕೊಂಡು ಕೇಳುವುದು?

ಮೇಲಿನ ಮಹಡಿಯ ನಿವೃತ್ತ ಟೀಚರಮ್ಮ ಮೆಟ್ಟಿಲ ಮೇಲಿಂದಲೇ ಪರಿಹಾರ ಹೇಳಿದರು. ಅವರಿಗೆ ವಿಷಯ ಹೇಗೆ ಗೊತ್ತಾಯಿತೆಂದು ಆ ಕಟ್ಟಡದಲ್ಲಿ ಯಾರೂ ಕೇಳುವ ಪದ್ಧತಿ ಇರಲಿಲ್ಲ.

"ಹಲ್ಲಿಲ್ಲದೋರಿಗೆ ಬ್ರೆಡ್ಡು ಕೊಟ್ಟರೆ ಹೇಗೆ? ಸೇಬು ತನ್ನಿ, ಬೇಯಿಸಿ ನುಣ್ಣಗೆ ಮಾಡಿ ಕೊಡಿ. ಆಪಲ್ ಸಾಸ್ ಅಂತಾರೆ. ಬಾಟ್ಲೀದು ತಂದ್ಬಿಟ್ಟೀರ ಮತ್ತೆ. ಮನೇಲೇ ಆಗಬೇಕು."

ಅಳಿಯ ಮಿಕ್ಸಿ ರಿಪೇರಿಯವನು. ಬೀದಿಯ ಅಷ್ಟೂ ಮನೆಯ ಮಿಕ್ಸಿಗಳು ಅವನ ಕೈಯಲ್ಲಿ ಬಿಚ್ಚಿಸಿಕೊಂಡು ಹೋದಂಥವು. ಅವನ ಮನೆಯ ಮಿಕ್ಸಿ ಮಾತ್ರ ಆರು ತಿಂಗಳಿಂದ ಅಟ್ಟದ ಮೇಲೆ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಅಡುಗೆಯ ವಿಷಯಕ್ಕೆ ಬಂದರೆ ಅವನಿಗೆ ನೀರು ಕಾಯಿಸುವುದು ಚೆನ್ನಾಗಿ ಬರುತ್ತಿತ್ತು.

ಎರಡು ಕಿಲೋ ಸೇಬು ತಂದು ಸುಲಿಯಲು ಕೂತ. ಟೀಚರಮ್ಮ ಮೇಲ್ವಿಚಾರಣೆಗೆ ಕುರ್ಚಿ ಎಳೆದುಕೊಂಡು ಕೂತರು.

"ಅಲ್ಲ, ಸಿಪ್ಪೆ ತೆಗೀತಿದೀರೋ, ಸೇಬನ್ನೇ ತೆಗೀತಿದೀರೋ?"

ನೋಡಿದರೆ, ಕೈಯಲ್ಲಿದ್ದ ಸೇಬು ನಿಂಬೆಹಣ್ಣಿನಷ್ಟಾಗಿತ್ತು. ಅಷ್ಟರಲ್ಲಿ ಎದುರುಮನೆಯ ಟೈಲರು ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಂದು ಚಾಕು ಕಿತ್ತುಕೊಂಡ. ಒಂದು ಸೇಬಿನ ಸಿಪ್ಪೆಯನ್ನು ಎಲ್ಲೂ ಕಡಿಯದಂತೆ ಲಾಡಿಯ ಹಾಗೆ ಸುಲಿದು ತೋರಿಸಿ, "ಬಟ್ಟೆ ದಂಡ ಮಾಡಬಾರದು" ಎಂದ.

ಹೋಳುಗಳು ಪಾತ್ರೆಗೆ ಬಿದ್ದವು. ಮುಳುಗುವಷ್ಟು ನೀರು ಹಾಕಬೇಕೆಂದು ಟೈಲರು, ತಳ ಒದ್ದೆಯಾದರೆ ಸಾಕೆಂದು ಟೀಚರಮ್ಮ. ಅಳಿಯ ಟೀಚರಮ್ಮನ ಮಾತು ಕೇಳಿದ. ಟೈಲರ ಮುಖ ಸಪ್ಪಗಾಯಿತು. ತನ್ನ ಅಮ್ಮ ಹೇಗೆ ಮಾಡುತ್ತಿದ್ದಳೆಂದು ಅವನು ವಿವರಿಸತೊಡಗಿದ, ಅದು ತಪ್ಪೆಂದು ಟೀಚರಮ್ಮ ಸಾಧಿಸತೊಡಗಿದರು, ಇಬ್ಬರನ್ನೂ ಸಮಾಧಾನ ಮಾಡಲು ಅಳಿಯ ನಡುವೆ ನಿಂತ. ಒಲೆಯ ಕಡೆ ಬೆನ್ನು ಹಾಕಿದ್ದರಿಂದ ಮೂವರಿಗೂ ವಿಷಯ ಗೊತ್ತಾದದ್ದು ಮೂಗಿನಿಂದ.

"ಉರಿ ಜಾಸ್ತಿ ಆಯ್ತು. ನೀರಿನ ತಪ್ಪಲ್ಲ" ಎಂದರು ಟೀಚರಮ್ಮ.

ತಳ ಹಿಡಿದ ಪಾತ್ರೆಯನ್ನು ಕೆಳಗೆ ಹಿತ್ತಲಲ್ಲಿ ಇಟ್ಟು ಅಳಿಯ ಮತ್ತೆ ಅಂಗಡಿಗೆ ಹೋಗಿ ಬಂದ. ಈ ಸಲ ಯಾರ ಮಾತಿಗೂ ಕಿವಿಗೊಡಲಿಲ್ಲ. ತಾನೇ ಸುಲಿದ, ಬೀಜದ ಗೂಡು ಕೆತ್ತಿ ತೆಗೆದ, ಅರ್ಧ ಲೋಟ ನೀರು ಹಾಕಿದ, ಸಣ್ಣ ಉರಿಯಿಟ್ಟು ಮುಚ್ಚಿ, ಪಾತ್ರೆಯ ಮುಂದೆಯೇ ಕಾವಲು ನಿಂತ. ಹೋಳುಗಳು ನಿಧಾನವಾಗಿ ಅಂಚು ಕಳೆದುಕೊಂಡು, ಚಮಚ ತಾಕಿದರೆ ಕುಸಿಯುವಷ್ಟು ಮೆತ್ತಗಾದವು. ಮನೆಯೆಲ್ಲ ಘಮ್ಮೆಂದಿತು. ಒಂದು ವರ್ಷದಿಂದ ಆ ಅಡುಗೆಮನೆಯಲ್ಲಿ ಸಿಹಿ ವಾಸನೆ ಬಂದಿರಲಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಕಣ್ಣು ಒದ್ದೆಯಾಯಿತು. ಹಬೆ ಎಂದುಕೊಂಡ.

"ಅರೆಯೋಕೆ ನಮ್ಮ ಮಿಕ್ಸಿ ತರ್ತೀನಿ ತಾಳಿ" ಎಂದು ಟೈಲರು ಓಡಿದ. "ಹೋದ ವಾರ ನೀವೇ ರಿಪೇರಿ ಮಾಡಿದ್ದು."

ಕುದಿಯುವ ಸೇಬನ್ನು ಮಿಕ್ಸಿಯ ಜಾರಿಗೆ ಸುರಿದು, ಮುಚ್ಚಳ ಬಿಗಿದು, ಅಳಿಯ ಗುಂಡಿ ತಿರುಗಿಸಿದ. ಒಳಗಿನ ಹಬೆಗೆ ಮುಚ್ಚಳ ಹಾರಿತು. ಹಿಂದೆಯೇ ಸಾಸು ಹಾರಿತು. ಸೂರಿನ ಮೇಲೊಂದು ಪಾಲು, ಟೈಲರ ಕನ್ನಡಕದ ಮೇಲೊಂದು ಪಾಲು, ಟೀಚರಮ್ಮನ ಬಿಳಿ ತುರುಬಿನ ಮೇಲೊಂದು ಪಾಲು. ಅಳಿಯನ ಹೆಬ್ಬೆರಳಿಗೆ ಬೊಬ್ಬೆ ಬಂತು.

"ಇದು ರಿಪೇರಿ ಆಗಿರೋ ಲಕ್ಷಣಾನಾ?" ಟೀಚರಮ್ಮ ತುರುಬು ಒರೆಸಿಕೊಂಡರು.

"ಹಾಗನ್ನಬೇಡಿ" ಎಂದ ಟೈಲರು ನ್ಯಾಯವಾಗಿ. "ಮೊದಲು ಇದು ತಿರುಗ್ತಾನೇ ಇರಲಿಲ್ಲ."

ಗದ್ದಲ ಕೇಳಿ ಅತ್ತೆ ಎದ್ದು ಬಂದಿದ್ದರು. ಗೋಡೆ ಹಿಡಿದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೂರಿನಿಂದ ತೊಟ್ಟಿಕ್ಕುತ್ತಿದ್ದ ಸೇಬನ್ನು ನೋಡಿದರು. ಮೂವರೂ ಸಿಕ್ಕಿಬಿದ್ದ ಕಳ್ಳರಂತೆ ನಿಂತರು.

ಪಾತ್ರೆಯಲ್ಲಿ ಅರ್ಧ ಉಳಿದಿತ್ತು. ಅಳಿಯ ಅದನ್ನು ಜರಡಿಗೆ ಹಾಕಿ ಚಮಚದ ಬೆನ್ನಿನಿಂದ ಉಜ್ಜಿ ಉಜ್ಜಿ ಇಳಿಸಿದ. ಚೂರು ಸಕ್ಕರೆ ಬೆರೆಸಿ, ಆರಿಸಿ, ಬಟ್ಟಲಿಗೆ ಹಾಕಿಕೊಂಡು ಅತ್ತೆಯ ಎದುರು ನಿಂತ. ಗಾಳಿಗೆ ಹೇಳೋಣವೆಂದರೆ ನಡುವೆ ಗಾಳಿಯೂ ಇಲ್ಲದಂತಾಗಿತ್ತು.

"ಅತ್ತೆ, ನಿಮಗೋಸ್ಕರ ಮಾಡಿದೀನಿ. ಒಂದು ಚಮಚ ತಿನ್ನಿ."

ಅತ್ತೆ ಬಟ್ಟಲನ್ನು ನೋಡಿದರು, ಅವನ ಬೆರಳ ಬೊಬ್ಬೆಯನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಟೀಚರಮ್ಮನನ್ನು ಕಂಡು ಸುಮ್ಮನಾದರು. ಕಡೆಗೆ ನಿಟ್ಟುಸಿರು ಬಿಟ್ಟು ಕುರ್ಚಿಯಲ್ಲಿ ಕೂತು ಬಟ್ಟಲಿಗೆ ಕೈ ಚಾಚಿದರು. ಒಂದು ಚಮಚ ಹೋಯಿತು. ಇನ್ನೊಂದು. ಬಟ್ಟಲು ಬರಿದಾಯಿತು, ಮತ್ತೆ ತುಂಬಿತು, ಮತ್ತೆ ಬರಿದಾಯಿತು. ಮೂರನೆಯದನ್ನು ಅತ್ತೆ ಬೆರಳಲ್ಲಿ ಬಳಿದು ತಿಂದರು. ಅಳಿಯನಿಗೆ ಗೆದ್ದಷ್ಟು ಸಂತೋಷವಾಯಿತು.

ಸಂಜೆ ಭಾಮೈದ ಬಂದಾಗ ಸಾಕ್ಷಿ ಹೇಳಲು ನೆರೆಹೊರೆ ಸಿದ್ಧವಾಗಿಯೇ ನಿಂತಿತ್ತು.

"ಮೂರು ಬಟ್ಟಲು ತಿಂದ್ರು" ಎಂದರು ಟೀಚರಮ್ಮ. "ಇಂಥ ಅಳಿಯ ಯಾರಿಗೆ ಸಿಗ್ತಾನೆ?"

"ತಾವೇ ಎದ್ದು ಅಡುಗೆಮನೆ ತನಕ ನಡ್ಕೊಂಡು ಬಂದ್ರು" ಎಂದ ಟೈಲರು. "ಯಾರೂ ಹಿಡ್ಕೊಂಡಿರಲಿಲ್ಲ. ನಾನೇ ನೋಡಿದೀನಿ."

ಭಾಮೈದನ ಮುಖ ಅರಳಿತು. "ಅಬ್ಬ, ಗೆದ್ದೆ. ತಿನ್ನದೆ ನಿತ್ರಾಣ ಆಗಿರುವಾಗ ಪ್ರಯಾಣ ಕೂಡದು, ಊಟ ಸೇರೋ ತನಕ ಅಲುಗಾಡಿಸಬೇಡಿ ಅಂತ ಡಾಕ್ಟರು ಖಡಾಖಂಡಿತ ಹೇಳಿದ್ರು. ಅಮ್ಮಂಗೂ ಮೊನ್ನೆ ಫೋನಲ್ಲಿ ಹೇಳಿದ್ದೆ. ಬರಿಗೈಲೇ ವಾಪಸು ಹೋಗಬೇಕೇನೋ ಅಂದ್ಕೊಂಡೇ ಬಂದೆ ಭಾವ. ಅವಳಿಗೆ ಅಂತ ರೂಮಿಗೆ ಬಣ್ಣ ಹೊಡೆಸಿ ಇಟ್ಟಿದೀನಿ." ಟ್ಯಾಕ್ಸಿ ಹೇಳಿ ಬರುತ್ತೇನೆಂದು ಅವನು ಇಳಿದು ಹೋದ. ಅತ್ತೆಯ ಸೀರೆಗಳನ್ನು ತುರುಕಿದ ಪೆಟ್ಟಿಗೆ ಹೊತ್ತು ಟೈಲರು ಹಿಂದೆ, ಎಚ್ಚರಿಕೆ ಹೇಳುತ್ತ ಟೀಚರಮ್ಮ ಅವನ ಹಿಂದೆ.

ಮನೆಯಲ್ಲಿ ಇಬ್ಬರೇ ಉಳಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಅವನನ್ನೇ ನೋಡಿ ಹೇಳಿದರು.

"ಎರಡು ದಿನ ಹೊಟ್ಟೆ ಕಟ್ಟಿಕೊಂಡು ಮಲಗಿದ್ದೆ. ಒಲ್ಲೆ ಅಂದ್ರೆ ಮಗ ನೊಂದ್ಕೋತಾನೆ. ಇರ್ತೀನಿ ಅನ್ನೋಕೆ ಮಗಳಿಲ್ಲ. ತಿನ್ನದೇ ಇದ್ರೆ ತಾನೇ ಬಿಟ್ಟು ಹೋಗ್ತಾನೆ ಅಂತಿದ್ದೆ."

"ತಿಂದ್ರೆ ಇರ್ತೀರ ಅಂತ ನಾನು..." ಅಳಿಯ ಖಾಲಿ ಬಟ್ಟಲನ್ನು ಎತ್ತಿಕೊಂಡ.

"ಬ್ರೆಡ್ಡು ಕೊಟ್ಟಾಗ ತಡ್ಕೊಂಡೆ, ಸೂಪು ಕೊಟ್ಟಾಗ ತಡ್ಕೊಂಡೆ. ಕೈ ಸುಟ್ಟುಕೊಂಡು ಬಂದು ತಿನ್ನಿ ಅಂದ್ರೆ ಹೇಗೆ ತಡ್ಕೊಳ್ಳಲಿ? ಅಷ್ಟು ಚೆನ್ನಾಗಿ ಯಾಕೆ ಮಾಡಿದ್ರಿ?"

ಕೆಳಗೆ ಟ್ಯಾಕ್ಸಿ ಬಂದು ನಿಂತ ಸದ್ದಾಯಿತು. ಎಲ್ಲರೂ ಮತ್ತೆ ಮೇಲೆ ಬಂದರು. ಅಳಿಯ ಹುಟ್ಟಿದಂದಿನಿಂದ ಸರಿಯಾಗಿ ಒಂದು ಸುಳ್ಳು ಹೇಳಿದವನಲ್ಲ. ಆದರೂ ಧೈರ್ಯ ಮಾಡಿದ.

"ಅತ್ತೆಗೆ ಹೊಟ್ಟೆನೋವಂತೆ. ಸಾಸು ಸರಿಯಾಗಿಲ್ಲ ಅಂತ ಕಾಣುತ್ತೆ."

ಅತ್ತೆ ತಕ್ಷಣ ಹೊಟ್ಟೆ ಹಿಡಿದುಕೊಂಡರು. ಭಾಮೈದ ಗಾಬರಿಯಾಗಿ ನಿಂತ. ಆದರೆ ಟೀಚರಮ್ಮ ಬಿಡಬೇಕಲ್ಲ.

"ಏನ್ ಮಾತಾಡ್ತೀರ? ನನ್ನ ಕಣ್ಣೆದುರಿಗೆ ಆದ ಅಡುಗೆ. ನಾನೂ ಒಂದು ಬಟ್ಟಲು ತಿಂದೆ, ಟೈಲರೂ ತಿಂದ್ರು. ನಮಗೇನಾಗಿದೆ?"

"ನಾನು ಎರಡು ಬಟ್ಟಲು ತಿಂದೆ" ಎಂದ ಟೈಲರು. "ಪಾಪ, ಬೆಳಿಗ್ಗೆಯಿಂದ ಕಷ್ಟಪಟ್ಟು ಮಾಡಿ, ಈಗ ತಾವೇ ಹಳಿದುಕೊಳ್ತಿದಾರೆ ನೋಡಿ. ಅಷ್ಟು ಸಂಕೋಚದ ಮನುಷ್ಯ."

ಭಾಮೈದ ನಕ್ಕು ತಾಯಿಯ ಕೈ ಹಿಡಿದುಕೊಂಡ. ಅತ್ತೆ ಹೊಟ್ಟೆಯ ಮೇಲಿನ ಕೈ ತೆಗೆದರು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿ, ಮೆಟ್ಟಿಲುಗಳನ್ನು ಒಂದೊಂದಾಗಿ, ಯಾರ ಆಸರೆಯೂ ಬೇಕಿಲ್ಲದವರಂತೆ ಇಳಿದರು. ಅಷ್ಟು ಶಕ್ತಿ ಬಂದಿತ್ತು.

ಟ್ಯಾಕ್ಸಿ ತಿರುವು ದಾಟಿದಮೇಲೆ ಟೀಚರಮ್ಮ ಅಳಿಯನ ಬೆನ್ನು ತಟ್ಟಿದರು. "ಸುಮ್ಮನೆ ಹೆದರಿದ್ರಿ. ಮಲಗಿದವರನ್ನ ಎಬ್ಬಿಸಿ ಕಳಿಸಿಬಿಟ್ರಿ ನೋಡಿ. ನಿಮ್ಮ ಕೈಗುಣ ದೊಡ್ಡದು."

ಅಳಿಯ ಹೌದೆಂಬಂತೆ ತಲೆಯಾಡಿಸಿದ. ಎಲ್ಲರೂ ಹೋದಮೇಲೆ ಹಿತ್ತಲಿಗೆ ಹೋಗಿ, ತಳ ಹಿಡಿದ ಪಾತ್ರೆಯ ಮುಂದೆ ಕೂತು, ಕತ್ತಲಾಗುವವರೆಗೆ ಉಜ್ಜಿದ.